ನಮ್ಮಪ್ಪನ ಹೆಸರು ಬರೆಸಬಹುದೇ?

ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನಕ್ಕೊಂದು ಚಿಂತನೆ



ನವೆಂಬರ್ ಬಂತೆಂದರೆ ನಮ್ಮ ಸಮಾಧಿ ಸ್ಥಳಗಳಲ್ಲಿ ಜನರ ಓಡಾಟ ಶುರುವಾಗುತ್ತದೆ. ಮಳೆಗಾಲದಲ್ಲಿ ಬೆಳೆದ ಮುಳ್ಳುಕಂಟಿ ಕಡಿಯುತ್ತೇವೆ, ಶಿಲುಬೆಗಳಿಗೆ ಸುಣ್ಣ ಬಳಿಯುತ್ತೇವೆ, ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತೇವೆ. ದೇವಾಲಯದಲ್ಲಿ ಒಂದು ಪುಸ್ತಕ ಇಟ್ಟಿರುತ್ತೇವೆ. ಅದರಲ್ಲಿ ತೀರಿಹೋದ ನಮ್ಮವರ ಹೆಸರು ಬರೆಸಿ, ಅವರಿಗಾಗಿ ಬಲಿಪೂಜೆ ಮಾಡಿಸುತ್ತೇವೆ. ಸುಮಾರು 998ರಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಮಠಾಧಿಪತಿ ಸಂತ ಓದಿಲೋರವರು ತಮ್ಮ ಮಠಗಳಲ್ಲಿ ಆರಂಭಿಸಿದ ಈ ಆಚರಣೆ ಕ್ರಮೇಣ ಇಡೀ ಧರ್ಮಸಭೆಗೆ ಹರಡಿತು. 1915ರಲ್ಲಿ, ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಜನ ಸಾಯುತ್ತಿದ್ದಾಗ, ಹದಿನೈದನೇ ಬೆನೆಡಿಕ್ಟ್ ಜಗದ್ಗುರುಗಳು ಈ ಒಂದು ದಿನ ಪ್ರತಿಯೊಬ್ಬ ಯಾಜಕರೂ ಮೂರು ಪೂಜೆ ಅರ್ಪಿಸಬಹುದೆಂದು ಅನುಮತಿ ಕೊಟ್ಟರು. ಸತ್ತವರಿಗಾಗಿ ಪ್ರಾರ್ಥಿಸುವುದು ಎಷ್ಟು ಮುಖ್ಯವೆಂಬುದಕ್ಕೆ ಇದು ಸಾಕ್ಷಿ.

ಈ ಹೆಸರಿನ ಪುಸ್ತಕದ ಕುರಿತು ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ಮೊಳಕಾಲ್ಮುರು ತಾಲ್ಲೂಕಿನ ರಾಂಪುರದ ಕಡೆ ನಾವು ಮನೆಭೇಟಿಗೆ ಹೋಗಿದ್ದೆವು. ಹೊಲಗಳಲ್ಲಿ ಶೇಂಗಾ ಕೀಳುವ ಕಾಲ. ಆ ಸೀಮೆಯಲ್ಲಿ ನಮ್ಮವರು ಬಹಳ ಕಡಿಮೆ. ಇಲ್ಲೊಂದು ಮನೆ, ಅಲ್ಲೊಂದು ಮನೆ. ಒಂದು ಕುಟುಂಬ ಕ್ರೈಸ್ತರಾದರೆ ತವರಿನವರು, ಬೀಗರು, ನೆಂಟರೆಲ್ಲ ಊರ ದೇವರಿಗೆ ನಡೆದುಕೊಳ್ಳುವವರು. ಈ ತಾಯಿ ಮದುವೆಯಾದ ಮೇಲೆ ಗಂಡನೊಂದಿಗೆ ದೀಕ್ಷಾಸ್ನಾನ ಪಡೆದವರು. ಆ ವರ್ಷ ಬೇಸಿಗೆಯಲ್ಲಿ ಅವರ ತಂದೆ ತೀರಿಕೊಂಡಿದ್ದರು. ಆ ಹಿರಿಯರು ಮಗಳ ಜೊತೆ ಎಷ್ಟೋ ಸಲ ಪೂಜೆಗೆ ಬಂದದ್ದುಂಟು. ಆದರೆ ಒಳಗೆ ಬಂದವರಲ್ಲ. ಹೊರಗೆ ಬೇವಿನ ಮರದ ಕೆಳಗೆ ಮೊಮ್ಮಗುವನ್ನು ಆಡಿಸುತ್ತ ಕೂತಿದ್ದು, ಪೂಜೆ ಮುಗಿದ ಮೇಲೆ ಎಲ್ಲರನ್ನೂ ಬಸ್ಸು ಹತ್ತಿಸಿಕೊಂಡು ಹೋಗುತ್ತಿದ್ದರು.

ನಾವು ಹೊರಡುವ ಹೊತ್ತಿಗೆ ಆ ತಾಯಿ ಸೆರಗಿನ ತುದಿಯ ಗಂಟು ಬಿಚ್ಚಿ ಒಂದಿಷ್ಟು ಹಣ ತೆಗೆದರು. "ಫಾದರ್, ಸತ್ತವರ ಹಬ್ಬಕ್ಕೆ ನಮ್ಮಪ್ಪನ ಹೆಸರು ಬರೆಸಬೌದಾ? ಅವರು ಜ್ಞಾನಸ್ನಾನ ತಗಂಡಿರಲಿಲ್ಲ. ತಗಳ್ಳದೆ ಸತ್ತೋರು ನರಕಕ್ಕೇ ಹೋಗೋದು, ಪ್ರಾರ್ಥನೆ ಮಾಡಿದ್ರೂ ಸುಖ ಇಲ್ಲ ಅಂತ ಒಬ್ರು ಹೇಳಿದ್ರು" ಎಂದರು.

ನಾವು "ದೇವರು ದೊಡ್ಡವರಮ್ಮ, ಬರೆಸಿ" ಎಂದಷ್ಟೇ ಹೇಳಿ ಬಂದುಬಿಟ್ಟೆವು. ಮುಂದಿನ ಮನೆಗೆ ಹೊತ್ತಾಗುತ್ತಿತ್ತು. ದಾರಿಯುದ್ದಕ್ಕೂ ಆ ಉತ್ತರ ನಮಗೇ ಸಾಲದೆನಿಸಿತು. ಆ ತಾಯಿ ಕೇಳಿದ್ದು ಬರೀ ಪಟ್ಟಿಯ ವಿಷಯವಲ್ಲ, ತಮ್ಮ ತಂದೆ ಎಲ್ಲಿದ್ದಾರೆ ಎಂಬುದನ್ನು. ಅಷ್ಟು ದೊಡ್ಡ ಪ್ರಶ್ನೆಗೆ ಧರ್ಮಸಭೆಯ ಪೂರ್ಣ ಉತ್ತರ ಪಡೆಯುವ ಹಕ್ಕು ಅವರಿಗಿತ್ತು. ನಮ್ಮಲ್ಲಿ ಇನ್ನೂ ಅನೇಕರು ಇದೇ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಾರೆ. ಆದ್ದರಿಂದ ಆ ದಿನ ಹೇಳಬೇಕಾಗಿದ್ದನ್ನು ಇಲ್ಲಿ ಹೇಳುತ್ತೇವೆ.

ಪ್ರಶ್ನೆ ಕಠಿಣವೇಕೆ?

ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. ಆ ತಾಯಿಗೆ ಭಯ ಹುಟ್ಟಿಸಿದವರು ಮಾತನ್ನು ಗಾಳಿಯಿಂದ ಹಿಡಿದು ತಂದವರಲ್ಲ. ನೀರಿನಿಂದಲೂ ಪವಿತ್ರಾತ್ಮರಿಂದಲೂ ಹುಟ್ಟದವನು ದೇವರ ರಾಜ್ಯವನ್ನು ಸೇರಲಾರನೆಂದು ಯೇಸುಸ್ವಾಮಿಯೇ ನಿಕೊದೇಮನಿಗೆ ತಿಳಿಸಿದ್ದಾರೆ (ಯೊವಾನ್ನ 3:5). ಯೇಸುವಿನ ನಾಮದ ಹೊರತು ಉದ್ಧಾರವಿಲ್ಲವೆಂದು ಸಂತ ಪೇತ್ರರು ನ್ಯಾಯಸಭೆಯ ಮುಂದೆ ಸಾರಿದ್ದಾರೆ (ಪ್ರೇಷಿತರ ಕಾರ್ಯಕಲಾಪಗಳು 4:12). ಮೂರನೇ ಶತಮಾನದಲ್ಲಿ ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರು ಧರ್ಮಸಭೆಯ ಹೊರಗೆ ಉದ್ಧಾರವಿಲ್ಲವೆಂದು ಬರೆದರು. 1442ರಲ್ಲಿ ಫ್ಲಾರೆನ್ಸ್ ಮಹಾಸಭೆ ಇದನ್ನೇ ಬಹು ಕಠಿಣವಾದ ಮಾತುಗಳಲ್ಲಿ ಹೇಳಿತು.

ಇವು ನಮ್ಮ ಧರ್ಮಸಭೆಯ ಮಾತುಗಳೇ. ಇವನ್ನು ಅಳಿಸಿಹಾಕುವ ಅಧಿಕಾರ ನಮಗಿಲ್ಲ. ಆದರೆ ಒಂದು ಮಾತನ್ನು ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂದು ಕೇಳದೆ ಹೋದರೆ ಅರ್ಥ ಕೆಡುತ್ತದೆ. ಮನೆ ಒಡೆದು ಹೊರಟ ಮಗನಿಗೆ ತಂದೆ, "ಹೊಸ್ತಿಲು ದಾಟಿದರೆ ನಿನಗೆ ಅನ್ನವಿಲ್ಲ" ಎನ್ನುತ್ತಾನೆ. ಅದು ಬೀದಿಯಲ್ಲಿ ಹಸಿದು ನಿಂತ ಪರರ ಮಗುವಿಗೆ ಹೇಳಿದ ಮಾತಲ್ಲ. ಸಂತ ಸಿಪ್ರಿಯಾನರು ಬರೆದದ್ದು ಧರ್ಮಸಭೆಯನ್ನು ಒಡೆದು ಬೇರೆ ಗುಂಪು ಕಟ್ಟುತ್ತಿದ್ದ ಕ್ರೈಸ್ತರ ವಿಷಯವಾಗಿ. ಫ್ಲಾರೆನ್ಸ್ ಮಹಾಸಭೆಯ ಕಾಲದಲ್ಲಿ ಯೂರೋಪಿನ ಜನ ಶುಭಸಂದೇಶ ಲೋಕದಲ್ಲೆಲ್ಲ ಮುಟ್ಟಿದೆ, ನಂಬದವರು ಬೇಕೆಂದೇ ನಂಬಲಿಲ್ಲ ಎಂದುಕೊಂಡಿದ್ದರು. ಐವತ್ತು ವರ್ಷ ಕಳೆದು 1492ರಲ್ಲಿ ಅಮೆರಿಕ ಖಂಡ ಕಂಡಾಗ, ಕ್ರಿಸ್ತರ ಹೆಸರನ್ನೇ ಕೇಳದೆ ಬಾಳಿ ಸತ್ತ ಲಕ್ಷಾಂತರ ಜನರಿದ್ದಾರೆಂಬುದು ಅವರಿಗೆ ತಿಳಿಯಿತು. ಆಗ ದೈವಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಇನ್ನೂ ಆಳವಾಗಿ ಕೇಳಬೇಕಾಯಿತು.

ಧರ್ಮಸಭೆ ಬೋಧಿಸುವುದೇನು?

ಈ ವಿಷಯದಲ್ಲಿ ಧರ್ಮಸಭೆಗೆ ಪ್ರಾಚೀನ ಕಾಲದಿಂದಲೂ ಇನ್ನೊಂದು ನೆನಪಿದೆ. 392ರಲ್ಲಿ ರೋಮಿನ ಯುವ ಚಕ್ರವರ್ತಿ ಎರಡನೇ ವ್ಯಾಲೆಂಟಿನಿಯನ್ ಹಠಾತ್ತನೆ ತೀರಿಕೊಂಡರು. ಮಿಲಾನಿನ ಧರ್ಮಾಧ್ಯಕ್ಷ ಸಂತ ಆಂಬ್ರೋಸರಿಂದ ದೀಕ್ಷಾಸ್ನಾನ ಪಡೆಯಬೇಕೆಂದು ಅವರು ಕಾದಿದ್ದರು. ಆದರೆ ಅದಕ್ಕೆ ಮೊದಲೇ ಸಾವು ಬಂತು. ಅವರ ಅಕ್ಕತಂಗಿಯರು ಅಳುತ್ತಿದ್ದುದು ಸತ್ತದ್ದಕ್ಕೆ ಮಾತ್ರವಲ್ಲ, ದೀಕ್ಷಾಸ್ನಾನವಿಲ್ಲದೆ ಸತ್ತರಲ್ಲಾ ಎಂಬುದಕ್ಕೂ. ಅಂತ್ಯಕ್ರಿಯೆಯ ಪ್ರಸಂಗದಲ್ಲಿ ಸಂತ ಆಂಬ್ರೋಸರು ಅವರನ್ನು ಸಂತೈಸಿ, ಮನಸಾರೆ ಬಯಸಿದ ಕೃಪೆ ಅವರಿಗೆ ದೊರೆತೇ ಇದೆಯೆಂದು ಭರವಸೆ ಕೊಟ್ಟರು. ಇದನ್ನೇ ಧರ್ಮಸಭೆ ಬಯಕೆಯ ದೀಕ್ಷಾಸ್ನಾನ ಎನ್ನುತ್ತದೆ.

ಆದರೆ ರಾಂಪುರದ ಕಡೆಯ ಆ ಹಿರಿಯರು ದೀಕ್ಷಾಸ್ನಾನ ಬೇಕೆಂದು ಬಾಯಿಬಿಟ್ಟು ಕೇಳಿದವರಲ್ಲವಲ್ಲ? ನಿಜ. ಅಂಥವರ ವಿಷಯದಲ್ಲಿಯೂ ಧರ್ಮಸಭೆ ಹಂತಹಂತವಾಗಿ ಬೋಧನೆಯನ್ನು ಬಿಡಿಸಿ ಹೇಳಿದೆ. 1863ರಲ್ಲಿ ಒಂಬತ್ತನೇ ಪಿಯುಸ್ ಜಗದ್ಗುರುಗಳು, ತಮ್ಮ ತಪ್ಪಿಲ್ಲದೆ ನಿಜಧರ್ಮವನ್ನು ಅರಿಯದೆ ಉಳಿದು, ದೇವರು ಹೃದಯದಲ್ಲಿ ಬರೆದ ನಿಯಮದಂತೆ ಬಾಳುವವರು ದೇವರ ಕೃಪೆಯಿಂದ ನಿತ್ಯಜೀವವನ್ನು ಪಡೆಯಬಲ್ಲರೆಂದು ಬರೆದರು. ಅಮೆರಿಕದ ಬಾಸ್ಟನ್ ನಗರದಲ್ಲಿ ಲೆನಾರ್ಡ್ ಫೀನಿ ಎಂಬ ಗುರುಗಳು, ಕಥೋಲಿಕರಲ್ಲದವರಿಗೆ ಉದ್ಧಾರವೇ ಇಲ್ಲವೆಂದು ಬೋಧಿಸುತ್ತಿದ್ದಾಗ, 1949ರಲ್ಲಿ ರೋಮಿನಿಂದ ಅಲ್ಲಿನ ಮಹಾಧರ್ಮಾಧ್ಯಕ್ಷರಿಗೆ ಪತ್ರ ಬಂತು. ದೇವರ ಚಿತ್ತದಂತೆ ನಡೆಯಬೇಕೆಂಬ ಮನಸ್ಸಿನೊಳಗೆ ಧರ್ಮಸಭೆಯ ಬಯಕೆ ತಿಳಿಯದಂತೆಯೇ ಅಡಗಿರಬಹುದೆಂದು ಆ ಪತ್ರ ವಿವರಿಸಿತು. ಬುದ್ಧಿಮಾತಿಗೆ ಬಗ್ಗದ ಆ ಗುರುಗಳನ್ನು 1953ರಲ್ಲಿ ಬಹಿಷ್ಕರಿಸಲಾಯಿತು. 1972ರಲ್ಲಿ ಅವರು ಧರ್ಮಸಭೆಯೊಡನೆ ಮತ್ತೆ ಒಂದಾದರು. ಎಲ್ಲರೂ ನರಕಕ್ಕೆ ಹೋಗುತ್ತಾರೆಂದು ಹಟ ಹಿಡಿದವರೇ ಹೊರಗುಳಿದದ್ದನ್ನು ನಾವು ಮರೆಯಬಾರದು.

ಕೊನೆಗೆ ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಧರ್ಮಸಭೆಯನ್ನು ಕುರಿತ ತನ್ನ ಶಾಸನದ 16ನೇ ಪರಿಚ್ಛೇದದಲ್ಲಿ ಇದನ್ನು ಸ್ಪಷ್ಟವಾಗಿ ಬೋಧಿಸಿತು. ತಮ್ಮ ತಪ್ಪಿಲ್ಲದೆ ಕ್ರಿಸ್ತರನ್ನೂ ಅವರ ಸಭೆಯನ್ನೂ ಅರಿಯದಿದ್ದರೂ ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ, ಕೃಪೆಯ ಪ್ರೇರಣೆಯಂತೆ ಮನಸ್ಸಾಕ್ಷಿಯ ಕರೆಗೆ ಓಗೊಟ್ಟು ಬಾಳುವವರು ಉದ್ಧಾರ ಹೊಂದಬಲ್ಲರು. ಮರುವರ್ಷದ ಇನ್ನೊಂದು ಶಾಸನದಲ್ಲಿ, ಕ್ರಿಸ್ತರ ಮರಣ ಪುನರುತ್ಥಾನಗಳಲ್ಲಿ ಪಾಲುಗೊಳ್ಳುವ ಅವಕಾಶವನ್ನು ಪವಿತ್ರಾತ್ಮರು ದೇವರಿಗೆ ಮಾತ್ರ ತಿಳಿದ ರೀತಿಯಲ್ಲಿ ಎಲ್ಲರಿಗೂ ನೀಡುತ್ತಾರೆಂದು ಮಹಾಸಭೆ ಹೇಳಿತು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಇದಕ್ಕೆ ಒಂದು ತತ್ವವನ್ನು ಕೊಡುತ್ತದೆ (1257). ದೇವರು ಉದ್ಧಾರವನ್ನು ದೀಕ್ಷಾಸ್ನಾನಕ್ಕೆ ಕಟ್ಟಿದ್ದಾರೆ. ಆದರೆ ಸ್ವತಃ ದೇವರು ಸಂಸ್ಕಾರಗಳ ಕಟ್ಟಿಗೆ ಒಳಗಾದವರಲ್ಲ.

ಕೆರೆ ಮತ್ತು ಬಾವಿ

ನಮ್ಮ ಸೀಮೆಯ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ಮಳೆ ಕಡಿಮೆಯ ನಾಡು. ಒಂದು ಕೆರೆ ತುಂಬಿದ ವರ್ಷ ಊರಿಗೇ ಹಬ್ಬ. ಕೆರೆಯ ನೀರು ತೂಬಿನಿಂದ ಕಾಲುವೆಗೆ ಇಳಿದು ಗದ್ದೆಗೆ ಹರಿಯುತ್ತದೆ. ಆದರೆ ಅದೇ ವರ್ಷ ಕಾಲುವೆ ಮುಟ್ಟದ ದೂರದ ಹೊಲಗಳ ಬಾವಿಯಲ್ಲಿಯೂ ನೀರೇರುತ್ತದೆ. ಆ ಬಾವಿಯವನು ಕೆರೆಯ ಕಡೆ ಮುಖ ಹಾಕಿಯೂ ಇರಲಿಕ್ಕಿಲ್ಲ. ನೀರು ಎಲ್ಲಿಂದ ಬಂತೆಂದೂ ಅವನಿಗೆ ಗೊತ್ತಿರಲಿಕ್ಕಿಲ್ಲ. ಆದರೂ ಅವನು ಕುಡಿಯುವುದು ಕೆರೆಯ ನೀರನ್ನೇ.

ದೇವರ ಕೃಪೆಯೂ ಹಾಗೆ. ಉದ್ಧಾರದ ನೀರಿಗೆ ಒಂದೇ ಕೆರೆ, ಅದು ಯೇಸು ಕ್ರಿಸ್ತರು. ದೇವರಿಗೂ ಮಾನವರಿಗೂ ನಡುವೆ ಒಬ್ಬರೇ ಮಧ್ಯಸ್ಥರೆಂದು ಸಂತ ಪೌಲರು ಬರೆಯುತ್ತಾರೆ. ಎಲ್ಲರೂ ಉದ್ಧಾರವಾಗಬೇಕೆಂಬುದೇ ದೇವರ ಇಚ್ಛೆಯೆಂದೂ ಅದರ ಹಿಂದಿನ ಸಾಲಿನಲ್ಲೇ ಬರೆದಿದ್ದಾರೆ (1 ತಿಮೊಥೇಯ 2:4-5). ಧರ್ಮಸಭೆ ಮತ್ತು ಸಂಸ್ಕಾರಗಳು ಕ್ರಿಸ್ತರೇ ತೋಡಿದ ಕಾಲುವೆ. ಆ ಕಾಲುವೆಯ ಹೊರಗೆ ಒಬ್ಬರಿಗೆ ಕೃಪೆ ದೊರೆತರೆ ಅದೂ ಕ್ರಿಸ್ತರದೇ ಕೃಪೆ, ಬೇರೆ ಕೆರೆಯದಲ್ಲ.

ಬ್ರಹ್ಮಗಿರಿಯ ಬಂಡೆ

ರಾಂಪುರ ಇರುವ ಮೊಳಕಾಲ್ಮುರು ತಾಲ್ಲೂಕಿನಲ್ಲೇ ಸಿದ್ದಾಪುರದ ಬಳಿ ಬ್ರಹ್ಮಗಿರಿ ಇದೆ. 1892ರಲ್ಲಿ ಬಿ.ಎಲ್. ರೈಸ್ ಅಲ್ಲಿ ಅಶೋಕ ಚಕ್ರವರ್ತಿಯ ಶಾಸನವನ್ನು ಬೆಳಕಿಗೆ ತಂದರು. ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿಯೂ ಅದರ ಪ್ರತಿಗಳಿವೆ. ತಂದೆತಾಯಿಗಳಿಗೆ ವಿಧೇಯರಾಗಿರಿ, ಜೀವಿಗಳಿಗೆ ದಯೆ ತೋರಿರಿ, ಸತ್ಯವನ್ನೇ ಆಡಿರಿ, ಗುರುಗಳನ್ನು ಗೌರವಿಸಿರಿ, ನೆಂಟರೊಡನೆ ತಕ್ಕಂತೆ ನಡೆದುಕೊಳ್ಳಿರಿ ಎಂಬುದು ಅದರ ತಿರುಳು. ಯೇಸುಸ್ವಾಮಿ ಹುಟ್ಟುವುದಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲು, ನಮ್ಮ ತಾಲ್ಲೂಕಿನ ಬಂಡೆಯ ಮೇಲೆ ಇದನ್ನು ಕೆತ್ತಿದ್ದಾರೆ. ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ಕಲ್ಲುಚಪ್ಪಡಿಯ ಪುರಾತನ ಸಮಾಧಿಗಳು ಸಿಕ್ಕವು. ಸತ್ತವರೊಡನೆ ಮಡಕೆಗಳನ್ನೂ ಕಬ್ಬಿಣದ ಸಲಕರಣೆಗಳನ್ನೂ ಇಟ್ಟು ಮುಚ್ಚಿದ್ದರು. ಸಾವಿನೊಂದಿಗೆ ಎಲ್ಲವೂ ಮುಗಿಯಿತು ಎಂದುಕೊಂಡವರು ಹಾಗೆ ಮಾಡುವರೇ?

ಮೋಶೆಯ ಹೆಸರನ್ನಾಗಲಿ ಮೆಸ್ಸೀಯನ ಹೆಸರನ್ನಾಗಲಿ ಕೇಳುವ ದಾರಿಯೇ ಆ ಜನರಿಗೆ ಇರಲಿಲ್ಲ. ದೇವರು ಅವರನ್ನು ಕೈಬಿಟ್ಟರೇ? ಧರ್ಮಶಾಸ್ತ್ರವಿಲ್ಲದ ಜನಾಂಗಗಳ ಹೃದಯದಲ್ಲಿಯೂ ಅದರ ಕಟ್ಟಳೆ ಬರೆದಿದೆಯೆಂದು ಸಂತ ಪೌಲರು ರೋಮನರಿಗೆ ತಿಳಿಸುತ್ತಾರೆ (ರೋಮನರಿಗೆ 2:14-16). ಕ್ರಿಸ್ತರು ಸತ್ತ ಮೇಲೆ ಪಾತಾಳಕ್ಕೆ ಇಳಿದರೆಂದು ನಾವು ಪ್ರೇಷಿತರ ವಿಶ್ವಾಸ ಸಂಗ್ರಹದಲ್ಲಿ ಹೇಳುತ್ತೇವೆ. ಇದರ ಅರ್ಥವೇನು? ತಮಗಿಂತ ಮೊದಲು ಸತ್ತ ನೀತಿವಂತರನ್ನು ಕ್ರಿಸ್ತರು ಮರೆಯಲಿಲ್ಲ, ಅವರಿಗೂ ಬಾಗಿಲು ತೆರೆದರು. ರೋಮನ್ ಪೂಜಾವಿಧಿಯ ಮೊದಲನೇ ಮಹಾಪ್ರಾರ್ಥನೆಯಲ್ಲಿ ಹೇಬೆಲ, ಅಬ್ರಹಾಮ, ಮೆಲ್ಕಿಸೆದೇಕರ ಹೆಸರು ಹೇಳುತ್ತೇವೆ. ಇವರಲ್ಲಿ ಒಬ್ಬರೂ ದೀಕ್ಷಾಸ್ನಾನ ಪಡೆದವರಲ್ಲ.

ಹಾಗಾದರೆ ದೀಕ್ಷಾಸ್ನಾನ ಏಕೆ?

ಈ ಪ್ರಶ್ನೆ ಬಂದೇ ಬರುತ್ತದೆ. "ಹೊರಗಿದ್ದರೂ ಉದ್ಧಾರವಾಗಬಹುದಾದರೆ ನಾವೇಕೆ ಪೂಜೆ, ಜಪ, ಪಾಪನಿವೇದನೆ ಎಂದು ಒದ್ದಾಡಬೇಕು? ಎಲ್ಲ ಧರ್ಮವೂ ಒಂದೇ ಅಲ್ಲವೇ?" ಎನ್ನುವವರಿದ್ದಾರೆ. ಇದು ಇನ್ನೊಂದು ಕಡೆಯ ತಪ್ಪು. 2000ದ ಆಗಸ್ಟ್ 6ರಂದು ರೋಮಿನ ವಿಶ್ವಾಸ ಬೋಧನಾ ಮಂಡಳಿ ಹೊರಡಿಸಿದ ಘೋಷಣೆ ಈ ತಪ್ಪನ್ನು ತಿದ್ದಲೆಂದೇ ಬಂದದ್ದು. ಎಲ್ಲೋ ಬಾವಿಯಲ್ಲಿ ನೀರು ಬಂತೆಂದು ಯಾವ ರೈತನೂ ತನ್ನ ಹೊಲದ ಕಾಲುವೆಯನ್ನು ಮಣ್ಣು ಹಾಕಿ ಮುಚ್ಚುವುದಿಲ್ಲ. ಶತಾಧಿಪತಿ ಕೊರ್ನೇಲಿಯನ ಪ್ರಾರ್ಥನೆ, ದಾನಧರ್ಮಗಳು ಅವನು ಕ್ರೈಸ್ತನಾಗುವ ಮೊದಲೇ ದೇವರನ್ನು ಮುಟ್ಟಿದ್ದವು. ಆದರೂ ದೇವರು ಅವನ ಮನೆಗೆ ಪೇತ್ರರನ್ನು ಕಳುಹಿಸಿದರು, ಅವನು ದೀಕ್ಷಾಸ್ನಾನ ಪಡೆದನು (ಪ್ರೇಷಿತರ ಕಾರ್ಯಕಲಾಪಗಳು 10). ಒಳ್ಳೆಯವನಿಗೂ ಕ್ರಿಸ್ತರು ಬೇಕು. ಕ್ರಿಸ್ತರನ್ನು ಅರಿತು ಬಾಳುವ ಭಾಗ್ಯ, ಪರಮಪ್ರಸಾದ, ಪಾಪಕ್ಷಮೆ, ಮರಣದ ಹೊತ್ತಿನ ಅಭ್ಯಂಗ ಇವೆಲ್ಲ ಸಣ್ಣ ವರಗಳಲ್ಲ. ಧರ್ಮಸಭೆ ಅಗತ್ಯವೆಂದು ತಿಳಿದೂ ಬೇಡವೆಂದು ತೊರೆಯುವವನು ಉದ್ಧಾರವಾಗಲಾರನೆಂದು ಅದೇ ಮಹಾಸಭೆ ಎಚ್ಚರಿಸಿದೆ.

ಅದು ಹೇಳಿದ ಇನ್ನೂ ಒಂದು ಮಾತು ನಮ್ಮ ನಿಮ್ಮಂಥವರಿಗೆ. ದೇಹದಿಂದ ಧರ್ಮಸಭೆಯೊಳಗಿದ್ದು ಪ್ರೀತಿಯಲ್ಲಿ ನೆಲೆಸದವನು ಕಥೋಲಿಕನಾದರೂ ಉದ್ಧಾರ ಹೊಂದುವುದಿಲ್ಲ. ಹೆಚ್ಚು ಕೊಡಲಾದವನಿಂದ ಹೆಚ್ಚು ಕೇಳಲಾಗುವುದು. ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಬಲಗಡೆ ನಿಂತವರು, ಸ್ವಾಮಿ, ನಾವು ನಿಮ್ಮನ್ನು ಯಾವಾಗ ಕಂಡೆವು ಎಂದು ಕೇಳುತ್ತಾರೆ. ತಾವು ಕ್ರಿಸ್ತರಿಗೇ ಅನ್ನ ಕೊಟ್ಟೆವೆಂಬುದು ಅವರಿಗೆ ತಿಳಿದಿರಲಿಲ್ಲ. ಎಡಗಡೆಯವರ ಮಾತಿನಲ್ಲಿಯೂ ಸ್ವಾಮಿ ಎಂಬ ಹೆಸರು ಇದೆ. ಬಾಯಲ್ಲಿ ಹೆಸರಿತ್ತು, ಕೈಯಲ್ಲಿ ಅನ್ನ ಇರಲಿಲ್ಲ. ಮರದ ಕೆಳಗೆ ಕೂತವರ ಗತಿಯೇನೆಂದು ವಿಚಾರಿಸುವ ಮೊದಲು ಒಳಗೆ ಬೆಂಚಿನಲ್ಲಿ ಕೂತ ನಮ್ಮ ಗತಿಯೇನೆಂದು ಕೇಳಿಕೊಳ್ಳುವುದು ಒಳ್ಳೆಯದು.

ನಾವು ಮಾಡಬೇಕಾದುದೇನು?

ಮೊದಲನೆಯದಾಗಿ, ಹೆಸರು ಬರೆಸಿರಿ. ಬದುಕಿರುವ ಅಥವಾ ತೀರಿಹೋದ ಯಾರಿಗಾಗಿಯೂ ಬಲಿಪೂಜೆ ಅರ್ಪಿಸಲು ಯಾಜಕರಿಗೆ ಸ್ವಾತಂತ್ರ್ಯವಿದೆಯೆಂದು 1983ರ ಧರ್ಮಸಭಾ ಕಾನೂನು ಸಂಹಿತೆಯ 901ನೇ ಕಾನೂನು ಹೇಳುತ್ತದೆ. ಪೂಜೆಯ ನಾಲ್ಕನೇ ಮಹಾಪ್ರಾರ್ಥನೆಯಲ್ಲಿ, ದೇವರೊಬ್ಬರೇ ಯಾರ ವಿಶ್ವಾಸವನ್ನು ಬಲ್ಲರೋ ಅಂಥ ಮೃತರಿಗಾಗಿಯೂ ನಾವು ಬೇಡುತ್ತೇವೆ.

ಎರಡನೆಯದಾಗಿ, ತೀರ್ಪು ಕೊಡಬೇಡಿರಿ. ಯಾವ ಒಬ್ಬ ವ್ಯಕ್ತಿಯೂ ನರಕದಲ್ಲಿದ್ದಾನೆಂದು ಧರ್ಮಸಭೆ ಹೆಸರು ಹಿಡಿದು ಸಾರಿದ್ದಿಲ್ಲ. ಅದು ಮಾಡದ ಕೆಲಸವನ್ನು ಸಾವಿನ ಮನೆಯಲ್ಲಿ ನಾವು ಮಾಡಬಾರದು. ಹಾಗೆಯೇ ಖಂಡಿತ ಸ್ವರ್ಗದಲ್ಲಿದ್ದಾರೆಂದು ನಾವೇ ಚೀಟಿ ಬರೆದುಕೊಡಲೂ ಆಗದು. ಆದ್ದರಿಂದಲೇ ಪ್ರಾರ್ಥನೆ ಬೇಕು. ಭರವಸೆಯಿಲ್ಲದವರು ಪ್ರಾರ್ಥಿಸುವುದಿಲ್ಲ, ಎಲ್ಲ ಗೊತ್ತೆನ್ನುವವರೂ ಪ್ರಾರ್ಥಿಸುವುದಿಲ್ಲ.

ಮೂರನೆಯದಾಗಿ, ಪ್ರಜ್ಞೆ ತಪ್ಪಿ ಮಲಗಿದ ಹಿರಿಯರಿಗೆ ಅವರ ಮನಸ್ಸು ತಿಳಿಯದೆ ಕದ್ದು ನೀರು ಹಾಕಬೇಡಿರಿ. ದೊಡ್ಡವರು ತಾವೇ ಬಯಸಿ ಪಡೆಯಬೇಕಾದ ಸಂಸ್ಕಾರ ಅದು. ಬಯಸಿದರೆ ತಡಮಾಡದೆ ಗುರುಗಳನ್ನು ಕರೆಯಿರಿ. ಗುರುಗಳು ಬರುವಷ್ಟು ಸಮಯವಿಲ್ಲದಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು.

ನಾಲ್ಕನೆಯದಾಗಿ, ದೀಕ್ಷಾಸ್ನಾನಕ್ಕೆ ಮೊದಲೇ ಕೂಸನ್ನು ಕಳೆದುಕೊಂಡ ತಂದೆತಾಯಿಗಳಿಗೆ ಧೈರ್ಯ ಹೇಳಿರಿ. ಅಂಥ ಮಕ್ಕಳನ್ನು ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ. ಅವರ ಉದ್ಧಾರವನ್ನು ನಿರೀಕ್ಷಿಸಲು ಬಲವಾದ ಕಾರಣಗಳಿವೆಯೆಂದು 2007ರಲ್ಲಿ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ವಿವರಿಸಿತು. ದೀಕ್ಷಾಸ್ನಾನ ಮಾಡಿಸುವ ಮನಸ್ಸು ತಂದೆತಾಯಿಗಳಿಗಿದ್ದರೆ, ಧರ್ಮಾಧ್ಯಕ್ಷರ ಅನುಮತಿಯಿಂದ ಧರ್ಮಸಭೆಯ ವಿಧಿಯಲ್ಲೇ ಆ ಮಗುವಿನ ಅಂತ್ಯಕ್ರಿಯೆ ನಡೆಸಬಹುದು. ಹಾಗೆಂದು ದೀಕ್ಷಾಸ್ನಾನವನ್ನು ಸುಮ್ಮನೆ ಮುಂದೂಡಬಾರದು.

ಕೊನೆಯದಾಗಿ, ಬದುಕಿರುವಾಗಲೇ ನಮ್ಮ ನೆಂಟರು ನಮ್ಮಲ್ಲಿ ಕ್ರಿಸ್ತರನ್ನು ಕಾಣಲಿ. ನಮ್ಮ ಮನೆಯ ಜಗಳ, ಕುಡಿತ, ಬಡ್ಡಿ ವ್ಯವಹಾರ, ಜಾತಿಯ ಮಾತು ಇವುಗಳೇ ಅವರಿಗೆ ಕಂಡರೆ, ಅವರು ಒಳಗೆ ಬಾರದಿರುವುದಕ್ಕೆ ಯಾರು ಉತ್ತರ ಕೊಡಬೇಕು? ಬಾಗಿಲಲ್ಲಿ ನಾವೇ ಅಡ್ಡ ನಿಂತಿದ್ದೆವೇ ಎಂಬುದೂ ಆ ದಿನ ತಿಳಿಯುವುದು.

ಆ ವರ್ಷ ನವೆಂಬರ್ 2ರ ಪೂಜೆಯಲ್ಲಿ, ಪುಸ್ತಕದಲ್ಲಿದ್ದ ಹೆಸರುಗಳ ನಡುವೆ ಆ ಹಿರಿಯರ ಹೆಸರನ್ನೂ ಓದಿದೆವು. ಅದು ಕ್ರೈಸ್ತ ಹೆಸರಲ್ಲವಾದ್ದರಿಂದ ಒಂದಿಬ್ಬರು ತಲೆಯೆತ್ತಿ ನೋಡಿದರು. ಆ ತಾಯಿ ಮಾತ್ರ ತಲೆತಗ್ಗಿಸಿ ಕಣ್ಣೊರೆಸಿಕೊಂಡರು. ಇಂದು ನಿಮ್ಮಲ್ಲಿ ಯಾರಾದರೂ ಅಂಥದೊಂದು ಹೆಸರನ್ನು ಹೇಳಲಾರದೆ ಮನಸ್ಸಿನಲ್ಲಿಟ್ಟುಕೊಂಡಿದ್ದರೆ, ಸಂಕೋಚ ಬೇಡ. ನಿಮ್ಮ ಗುರುಗಳ ಬಳಿ ಬನ್ನಿ, ಬರೆಸಿರಿ.

ಕರುಣಾಮಯಿ ಪಿತನೇ, ನಿಮ್ಮನ್ನು ಹೆಸರಿಟ್ಟು ಕರೆಯಲು ಬಾರದಿದ್ದರೂ ನಿಮ್ಮ ಮಕ್ಕಳನ್ನು ಪ್ರೀತಿಸಿ ಬಾಳಿದ ನಮ್ಮ ಹಿರಿಯರನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ. ಅವರನ್ನು ನಿಮ್ಮ ಬೆಳಕಿಗೆ ಸೇರಿಸಿಕೊಳ್ಳಿ. ನಿಮ್ಮ ಹೆಸರನ್ನು ಹೊತ್ತ ನಾವು ಅದಕ್ಕೆ ತಕ್ಕಂತೆ ಬಾಳಲು ಕೃಪೆ ಮಾಡಿ. ಆಮೆನ್.